ಗೋಲ್‌ಕೀಪರನ್ನು ಕೊಟ್ಟು ಗೆಲುವನ್ನು ಕಳೆದುಕೊಂಡ ತಂಡ

ಹಾಕಿ ಎಂದೊಡನೆ ನಮಗೆ ನೆನಪಾಗುವುದು ಧ್ಯಾನ್‌ಚಂದ್, ಕೊಡಗಿನ ಮೈದಾನಗಳು, ಒಲಿಂಪಿಕ್ ಚಿನ್ನ. ಕೆನಡಾದವರಿಗೆ ಹಾಗಲ್ಲ. ಅಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಆಟ. ಕಾಲಿಗೆ ಉಕ್ಕಿನ ಅಲಗಿನ ಸ್ಕೇಟ್ ಕಟ್ಟಿಕೊಂಡು, ಚೆಂಡಿನ ಬದಲು 'ಪಕ್' ಎಂಬ ಗಟ್ಟಿ ರಬ್ಬರ್ ಬಿಲ್ಲೆಯನ್ನು ಹೊಡೆಯುತ್ತಾರೆ. ಒಂದೊಂದು ಕಡೆಗೆ ಐವರು ಆಟಗಾರರು, ಅವರ ಹಿಂದೆ ಒಬ್ಬ ಗೋಲ್‌ಕೀಪರ್. ಕೆನಡಾ ಮತ್ತು ಅಮೆರಿಕದ ತಂಡಗಳು ಸೇರಿ ಆಡುವ ನ್ಯಾಷನಲ್ ಹಾಕಿ ಲೀಗ್ ಈ ಆಟದ ಅತಿ ದೊಡ್ಡ ವೃತ್ತಿಪರ ಸಂಸ್ಥೆ. ಅಲ್ಲಿ ಗೆದ್ದವರ ಕೈ ಸೇರುವುದು ಸ್ಟ್ಯಾನ್ಲಿ ಕಪ್.

ಈ ಲೀಗಿನ ಇತಿಹಾಸದಲ್ಲಿ 1957ರ ಜುಲೈ 23 ಮರೆಯಲಾಗದ ದಿನ. ಅಂದು ಯಾವ ಪಂದ್ಯವೂ ನಡೆಯಲಿಲ್ಲ. ಡೆಟ್ರಾಯ್ಟ್ ರೆಡ್ ವಿಂಗ್ಸ್ ತಂಡ ತನ್ನ ಇಬ್ಬರು ಆಟಗಾರರನ್ನು ಶಿಕಾಗೊ ಬ್ಲ್ಯಾಕ್ ಹಾಕ್ಸ್ ತಂಡಕ್ಕೆ ಕೊಟ್ಟು, ಬದಲಿಗೆ ನಾಲ್ವರನ್ನು ಪಡೆಯಿತು, ಅಷ್ಟೇ. ಕೊಟ್ಟ ಇಬ್ಬರಲ್ಲಿ ಒಬ್ಬರು 25 ವರ್ಷದ ಗೋಲ್‌ಕೀಪರ್ ಗ್ಲೆನ್ ಹಾಲ್. ಇನ್ನೊಬ್ಬರು ಟೆಡ್ ಲಿಂಡ್ಸೆ. ಆ ಋತುವಿನಲ್ಲಿ 30 ಗೋಲು ಹೊಡೆದು, ಇನ್ನೂ 55 ಗೋಲುಗಳಿಗೆ ಪಕ್ ಒದಗಿಸಿ, ಇಡೀ ಲೀಗಿನ ಅಂಕಪಟ್ಟಿಯಲ್ಲಿ ಎರಡನೆಯವರಾಗಿದ್ದ ಆಟಗಾರ. ಬದಲಿಗೆ ಬಂದ ನಾಲ್ವರಲ್ಲಿ ಇವರ ಸಾಟಿಯವರು ಒಬ್ಬರೂ ಇರಲಿಲ್ಲ.

ಗೆಲ್ಲುವ ತಂಡವೊಂದು ಇಂಥ ವ್ಯಾಪಾರವನ್ನು ಏಕೆ ಮಾಡಿತು? ಉತ್ತರ ಆಟದ ಅಂಕಣದಲ್ಲಿ ಸಿಗುವುದಿಲ್ಲ. ಅದನ್ನು ಕರಾರು ಪತ್ರಗಳಲ್ಲಿ ಹುಡುಕಬೇಕು.

ಆರು ತಂಡ, ಆರು ಗೋಲ್‌ಕೀಪರ್

1942ರಿಂದ 1967ರವರೆಗೆ ಲೀಗಿನಲ್ಲಿದ್ದದ್ದು ಆರೇ ತಂಡಗಳು. ಮಾಂಟ್ರಿಯಲ್, ಟೊರಾಂಟೊ, ಡೆಟ್ರಾಯ್ಟ್, ಶಿಕಾಗೊ, ಬಾಸ್ಟನ್ ಮತ್ತು ನ್ಯೂಯಾರ್ಕ್. ಒಟ್ಟು ಆಟಗಾರರು ಸುಮಾರು 120. ಕೆನಡಾದ ಪ್ರತಿ ಊರಿನ ಹೆಪ್ಪುಗಟ್ಟಿದ ಕೆರೆಯ ಮೇಲೂ ಹುಡುಗರು ಆಡುತ್ತಿದ್ದ ಕಾಲದಲ್ಲಿ ಇಷ್ಟೇ ಜಾಗ.

ಗೋಲ್‌ಕೀಪರನ ಪಾಡು ಇನ್ನೂ ಬಿಗಿ. ತಂಡಕ್ಕೆ ಒಬ್ಬನೇ ಗೋಲ್‌ಕೀಪರ್. ಎಂದರೆ ಇಡೀ ಲೀಗಿನಲ್ಲಿ ಆರೇ ಕೆಲಸ. ಮುಖಕ್ಕೆ ಪಕ್ ಬಡಿದರೆ ಆಟ ನಿಲ್ಲಿಸಿ, ಹೊಲಿಗೆ ಹಾಕಿಸಿ, ಮತ್ತೆ ಕಳಿಸುತ್ತಿದ್ದರು. ನಿಲ್ಲಲಾರದಷ್ಟು ಪೆಟ್ಟಾದರೆ ತಂಡದ ತರಬೇತಿ ಸಹಾಯಕನೋ, ಪ್ರೇಕ್ಷಕರ ನಡುವೆ ಕೂತಿದ್ದ ಹವ್ಯಾಸಿ ಆಟಗಾರನೋ ಕಾಲಿಗೆ ಪ್ಯಾಡ್ ಕಟ್ಟಿಕೊಂಡು ಬರಬೇಕಾಗಿತ್ತು. ಮುಖವಾಡ ಧರಿಸುವ ರೂಢಿಯೇ ಇರಲಿಲ್ಲ. ಮಾಂಟ್ರಿಯಲ್‌ನ ಜಾಕ್ ಪ್ಲಾಂಟ್ 1959ರ ನವೆಂಬರ್ 1ರಂದು, ಮುಖ ಸೀಳಿದ ಮೇಲೆ ಹಟ ಹಿಡಿದು ಮುಖವಾಡ ತೊಟ್ಟು ಬಂದ ನಂತರವೇ ಅದು ನಿಧಾನವಾಗಿ ಬಳಕೆಗೆ ಬಂತು. ಪ್ರತಿ ತಂಡವೂ ಇಬ್ಬರು ಗೋಲ್‌ಕೀಪರರನ್ನು ಸಿದ್ಧವಾಗಿ ಕೂರಿಸಬೇಕು ಎಂಬ ನಿಯಮ ಬಂದದ್ದು 1965ರ ಹೊತ್ತಿಗೆ.

ಆರೇ ಕೆಲಸ ಇರುವಲ್ಲಿ ಏಳನೆಯವನು ಬಾಗಿಲಲ್ಲಿ ಕಾಯುತ್ತಿರುತ್ತಾನೆ. ಕ್ಲಬ್ಬಿನ ಬಲ ಇದ್ದದ್ದೇ ಅಲ್ಲಿ.

ಒಂದು ಸಹಿಯ ಬೆಲೆ

ಐಪಿಎಲ್ ಹರಾಜನ್ನು 2008ರಿಂದ ನೋಡುತ್ತ ಬಂದಿರುವ ನಮಗೆ ಆಟಗಾರನಿಗೆ ಬೆಲೆ ಕಟ್ಟುವುದು ಹೊಸದಲ್ಲ. ಆದರೆ ಅಲ್ಲಿ ಆಟಗಾರ ತಾನಾಗಿಯೇ ಹೆಸರು ಕೊಡುತ್ತಾನೆ, ಕೂಗಿದ ಬೆಲೆಯೂ ಅವನಿಗೇ ಸೇರುತ್ತದೆ. ಆಗಿನ ಐಸ್ ಹಾಕಿಯಲ್ಲಿ ಈ ಎರಡೂ ಇರಲಿಲ್ಲ.

ಹದಿಹರೆಯದ ಹುಡುಗನ ಮುಂದೆ ಕ್ಲಬ್ಬಿನ ಪ್ರತಿನಿಧಿ 'ಸಿ ಫಾರಂ' ಎಂಬ ಕಾಗದ ಇಡುತ್ತಿದ್ದ. ಹುಡುಗ ಅಪ್ರಾಪ್ತನಾದರೆ ತಂದೆಯ ಸಹಿ. ಕೈಗೆ ಬರುತ್ತಿದ್ದದ್ದು ನೂರು ಡಾಲರಿನ ಆಸುಪಾಸು. ಅಂದಿನಿಂದ ಅವನ ವೃತ್ತಿಯ ಹಕ್ಕು ಆ ಕ್ಲಬ್ಬಿನದು. ದೊಡ್ಡವನಾಗಿ ಲೀಗಿಗೆ ಬಂದ ಮೇಲೂ, ಕರಾರಿನ ಅವಧಿ ಮುಗಿದರೂ, ಅವನನ್ನು ಉಳಿಸಿಕೊಳ್ಳುವ ಹಕ್ಕು ಕ್ಲಬ್ಬಿಗೇ ಎಂಬ ಷರತ್ತು ಇರುತ್ತಿತ್ತು. ಅವನು ಬೇರೆ ಕ್ಲಬ್ಬಿಗೆ ಹೋಗುವಂತಿಲ್ಲ. ಕ್ಲಬ್ ಮಾತ್ರ ಅವನನ್ನು ಯಾವ ಹೊತ್ತಿಗೂ ಬೇರೆಯವರಿಗೆ ಕೊಡಬಹುದು. ಪಕ್ಕದ ಆಟಗಾರನ ಸಂಬಳ ಎಷ್ಟೆಂದು ಇವನಿಗೆ ತಿಳಿಯದು. ಮಾತಾಡಲು ಏಜೆಂಟ್ ಇಲ್ಲ. ಮ್ಯಾನೇಜರ್‌ನ ಕೋಣೆಗೆ ಒಬ್ಬನೇ ಹೋಗಿ, ಹೇಳಿದ ಮೊತ್ತಕ್ಕೆ ಸಹಿ ಹಾಕಿ ಬರಬೇಕು.

ಡೆಟ್ರಾಯ್ಟ್‌ನಲ್ಲಿ ಆ ಕೋಣೆಯಲ್ಲಿ ಕೂತಿದ್ದವರು ಜ್ಯಾಕ್ ಆ್ಯಡಮ್ಸ್. 1927ರಿಂದ ತಂಡವನ್ನು ಕಟ್ಟಿ ಬೆಳೆಸಿದವರು. ಸ್ವತಃ ಆಟಗಾರರಾಗಿ ಸ್ಟ್ಯಾನ್ಲಿ ಕಪ್ ಗೆದ್ದವರು. ಕೆಳಗಿನ ದರ್ಜೆಯ ತಂಡವಿದ್ದ ಒಮಾಹಾ ಊರಿಗೆ ರೈಲು ಟಿಕೆಟನ್ನು ಅವರು ಸದಾ ಜೇಬಿನಲ್ಲಿಟ್ಟುಕೊಂಡು, ಆಟಗಾರರಿಗೆ ಕಾಣುವಂತೆ ಮಾಡುತ್ತಿದ್ದರು ಎಂಬ ಕಥೆ ಇಂದಿಗೂ ಪ್ರಚಲಿತ.

ಆ್ಯಡಮ್ಸ್ ಲೆಕ್ಕಾಚಾರ

ಆ್ಯಡಮ್ಸ್ ದಡ್ಡರಲ್ಲ. ಅವರ ತಂಡ 1936 ಮತ್ತು 1937ರಲ್ಲಿ ಸತತವಾಗಿ ಕಪ್ ಗೆದ್ದು, ಮರುವರ್ಷವೇ ಕುಸಿದಿತ್ತು. ಗೆದ್ದ ತಂಡವನ್ನು ಹಾಗೆಯೇ ಇಟ್ಟುಕೊಂಡರೆ ಕೊಳೆಯುತ್ತದೆ ಎಂಬ ಪಾಠವನ್ನು ಅವರು ಅಲ್ಲಿಂದ ಕಲಿತರು. ಹಳಬ ಚೆನ್ನಾಗಿ ಆಡುತ್ತಿರುವಾಗಲೇ ಮಾರಬೇಕು, ಹೊಸಬನಿಗೆ ಜಾಗ ಮಾಡಬೇಕು ಎಂಬುದು ಅವರ ಸೂತ್ರವಾಯಿತು.

1950ರಲ್ಲಿ ಡೆಟ್ರಾಯ್ಟ್ ಕಪ್ ಗೆದ್ದಾಗ ಗೋಲಿನಲ್ಲಿದ್ದವರು ಹ್ಯಾರಿ ಲಮ್ಲಿ. ಆ ಬೇಸಿಗೆಯಲ್ಲೇ ಅವರನ್ನು ಶಿಕಾಗೊಗೆ ಕಳಿಸಿದ ಆ್ಯಡಮ್ಸ್, ಟೆರಿ ಸಾಚಕ್ ಎಂಬ ಇಪ್ಪತ್ತರ ಯುವಕನನ್ನು ನಿಲ್ಲಿಸಿದರು. ಸಾಚಕ್ ವಿನಿಪೆಗ್ ಊರಿನವರು. ಗೋಲ್‌ಕೀಪರ್ ಆಗಿದ್ದ ಅಣ್ಣ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಾಗ, ಅವನ ಪ್ಯಾಡ್‌ಗಳನ್ನೇ ಕಟ್ಟಿಕೊಂಡು ಆಟಕ್ಕೆ ಇಳಿದವರು. ಮೊದಲ ಋತುವಿನಲ್ಲೇ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿ ಪಡೆದರು. 1952ರ ಪ್ಲೇ ಆಫ್‌ನಲ್ಲಿ ಎಂಟು ಪಂದ್ಯಗಳಿಂದ ಬಿಟ್ಟುಕೊಟ್ಟದ್ದು ಐದೇ ಗೋಲು. ಅವುಗಳಲ್ಲಿ ನಾಲ್ಕು ಪಂದ್ಯಗಳಲ್ಲಿ ಒಂದು ಗೋಲನ್ನೂ ಬಿಡಲಿಲ್ಲ. ಡೆಟ್ರಾಯ್ಟ್ 1952, 1954 ಮತ್ತು 1955ರಲ್ಲಿ ಮತ್ತೆ ಕಪ್ ಗೆದ್ದಿತು. ಸೂತ್ರ ಫಲಿಸಿತ್ತು.

1955ರಲ್ಲಿ ಆ್ಯಡಮ್ಸ್ ಅದೇ ಸೂತ್ರವನ್ನು ಮತ್ತೆ ಬಳಸಿದರು. ಕೆಳಗಿನ ದರ್ಜೆಯ ಎಡ್ಮಂಟನ್ ತಂಡದಲ್ಲಿ ಗ್ಲೆನ್ ಹಾಲ್ ಸಿದ್ಧರಾಗಿದ್ದರು. ಕಪ್ ಗೆದ್ದ ಕೆಲವೇ ವಾರಗಳಲ್ಲಿ ಸಾಚಕ್ ಸೇರಿದಂತೆ ತಂಡದ ಅನೇಕರು ಬಾಸ್ಟನ್ ಮತ್ತು ಶಿಕಾಗೊ ಪಾಲಾದರು. ಹಾಲ್ ಮೊದಲ ಪೂರ್ಣ ಋತುವಿನಲ್ಲೇ 12 ಪಂದ್ಯಗಳಲ್ಲಿ ಒಂದೂ ಗೋಲು ಬಿಡದೆ, ಹೊಸ ಆಟಗಾರ ಪ್ರಶಸ್ತಿಯನ್ನು ತಮ್ಮದಾಗಿಸಿಕೊಂಡರು. ಗೋಲಿನ ಮಟ್ಟಿಗಂತೂ ಆ್ಯಡಮ್ಸ್ ಎರಡನೇ ಸಲವೂ ಗೆದ್ದಂತಾಯಿತು.

ಸಾಚಕ್‌ಗೆ ಮಾತ್ರ ಈ ವ್ಯಾಪಾರ ಒಗ್ಗಲಿಲ್ಲ. ಬಾಸ್ಟನ್‌ನಲ್ಲಿ ಅವರು ಕಾಯಿಲೆ ಬಿದ್ದರು. ಚೇತರಿಸಿಕೊಳ್ಳುವ ಮೊದಲೇ ಆಟಕ್ಕೆ ಇಳಿದು, ಮನಸ್ಸು ಮುರಿದು, 1957ರ ಆರಂಭದಲ್ಲಿ ತಂಡ ಬಿಟ್ಟು ಹೊರನಡೆದರು. ಪತ್ರಿಕೆಗಳು ಅವರನ್ನು ಹೇಡಿ ಎಂಬಂತೆ ಚಿತ್ರಿಸಿದವು.

ಲಿಂಡ್ಸೆ ಕೇಳಿದ ಪ್ರಶ್ನೆ

ಟೆಡ್ ಲಿಂಡ್ಸೆ ಗೋಲ್‌ಕೀಪರ್ ಒಬ್ಬರ ಮಗ. ತಂದೆ ಬರ್ಟ್ ಲಿಂಡ್ಸೆ ಲೀಗಿನ ಮೊದಲ ವರ್ಷದಲ್ಲೇ ಆಡಿದ್ದವರು. ಗಾರ್ಡಿ ಹೌ ಮತ್ತು ಸಿಡ್ ಏಬಲ್ ಜತೆಗೂಡಿ ಟೆಡ್ ಆಡುತ್ತಿದ್ದ ಮುನ್ಪಡೆಗೆ, ಕಾರು ಕಾರ್ಖಾನೆಗಳ ಊರಾದ ಡೆಟ್ರಾಯ್ಟ್‌ನ ಜನ 'ಪ್ರೊಡಕ್ಷನ್ ಲೈನ್' ಎಂದು ಹೆಸರಿಟ್ಟಿದ್ದರು. ಅಂಕಣದಲ್ಲಿ ಲಿಂಡ್ಸೆ ಎದುರಾಳಿಗಳೊಂದಿಗೆ ಕೈಕೈ ಮಿಲಾಯಿಸಲು ಹಿಂಜರಿಯದ ಒರಟ. ಹೊರಗೆ ಲೆಕ್ಕಪತ್ರ ಬಲ್ಲ ಮನುಷ್ಯ.

ಆಟಗಾರರು ಪಿಂಚಣಿ ನಿಧಿಗೆಂದು ವರ್ಷಕ್ಕೆ 900 ಡಾಲರ್ ಕಟ್ಟುತ್ತಿದ್ದರು. ನಿಧಿಯ ಮಂಡಳಿಯಲ್ಲಿ ಪ್ರತಿನಿಧಿಯಾಗಿದ್ದ ಲಿಂಡ್ಸೆ ಅದರ ಲೆಕ್ಕ ಕೇಳಿದರು. ಸರಿಯಾದ ಉತ್ತರ ಬರಲಿಲ್ಲ. ಬೇಸ್‌ಬಾಲ್ ಆಟಗಾರರು ಸಂಘ ಕಟ್ಟಿಕೊಂಡದ್ದನ್ನು ತಿಳಿದು, ಅವರ ವಕೀಲರನ್ನು ಕಂಡು ಬಂದರು. ಋತುವಿನ ನಡುವೆಯೇ, ಗುಟ್ಟಾಗಿ, ಊರಿನಿಂದ ಊರಿಗೆ ಆಟಗಾರರ ಸಹಿ ಸಂಗ್ರಹವಾಯಿತು. ಒಬ್ಬೊಬ್ಬರೂ ನೂರು ಡಾಲರ್ ಕೊಟ್ಟರು. ಇಡೀ ಲೀಗಿನಲ್ಲಿ ಸಹಿ ಹಾಕದವರು ಒಬ್ಬರೇ. ಅಂಕಣದಲ್ಲಿ ಬಡಿದಾಡಿಕೊಳ್ಳುತ್ತಿದ್ದವರು ಒಂದೇ ಕಾಗದಕ್ಕೆ ಸಹಿ ಹಾಕಿದ್ದು ಸಣ್ಣ ಸಂಗತಿಯಲ್ಲ. 1957ರ ಫೆಬ್ರುವರಿ 11ರಂದು ನ್ಯೂಯಾರ್ಕಿನಲ್ಲಿ ಸಂಘದ ಸ್ಥಾಪನೆ ಘೋಷಣೆಯಾಯಿತು. ಲಿಂಡ್ಸೆ ಅಧ್ಯಕ್ಷ.

ಮಾಲೀಕರು ಕೆರಳಿದರು. ಆ್ಯಡಮ್ಸ್ ಪತ್ರಕರ್ತರಿಗೆ ಲಿಂಡ್ಸೆಯದೆಂದು ಒಂದು ಕರಾರು ತೋರಿಸಿದರು. ಅದರಲ್ಲಿದ್ದ ಸಂಬಳ ನಿಜವಾದದ್ದಕ್ಕಿಂತ ಬಹಳ ಹೆಚ್ಚು. ಇಷ್ಟು ಪಡೆಯುವವನಿಗೆ ಇನ್ನೇನು ಬೇಕು ಎಂದು ಓದುಗರು ಕೇಳಲಿ ಎಂಬುದು ಉದ್ದೇಶ.

ಇನ್ನು ಗೋಲಿನ ವಿಚಾರ. ಆ ವರ್ಷದ ಪ್ಲೇ ಆಫ್‌ನಲ್ಲಿ ಬಾಸ್ಟನ್ ಎದುರು ಸೋತದ್ದಕ್ಕೆ ಆ್ಯಡಮ್ಸ್ ಹಾಲ್ ಮೇಲೆ ಮುನಿಸಿಕೊಂಡಿದ್ದರು. ಲಿಂಡ್ಸೆ ಜತೆಗಿನ ಹಾಲ್ ಸ್ನೇಹವೂ ಅವರಿಗೆ ಹಿಡಿಸಲಿಲ್ಲ. ಜಾನಿ ಬ್ಯೂಸಿಕ್ ಎಂಬ 22ರ ಯುವಕನನ್ನು ಬಾಸ್ಟನ್‌ಗೆ ಕೊಟ್ಟು ಸಾಚಕ್ ಅವರನ್ನೇ ಮರಳಿ ತಂದರು. ಬಳಿಕ ಜುಲೈ 23ರಂದು ಲಿಂಡ್ಸೆ ಮತ್ತು ಹಾಲ್ ಇಬ್ಬರನ್ನೂ ಶಿಕಾಗೊಗೆ ಕಳಿಸಿದರು. ಶಿಕಾಗೊ ಆಗ ಸತತ ನಾಲ್ಕು ವರ್ಷ ಕೊನೆಯ ಸ್ಥಾನದಲ್ಲಿದ್ದ ತಂಡ. ಅದರ ಮಾಲೀಕತ್ವದಲ್ಲೂ ಡೆಟ್ರಾಯ್ಟ್ ಮಾಲೀಕರಾದ ನಾರಿಸ್ ಕುಟುಂಬದ ಕೈ ಇತ್ತು. ಟೊರಾಂಟೊ ತಂಡದಲ್ಲಿ ಸಂಘದ ಮುಂದಾಳಾಗಿದ್ದ ಜಿಮ್ಮಿ ಥಾಮ್ಸನ್ ಕೂಡ ಅದೇ ವರ್ಷ ಶಿಕಾಗೊಗೇ ಹೋಗಬೇಕಾಯಿತು. ಹಿಂದಿನ ಎರಡು ಸಲ ಆ್ಯಡಮ್ಸ್ ಲೆಕ್ಕ ಹಾಕಿ ಗೋಲ್‌ಕೀಪರನ್ನು ಬದಲಿಸಿದ್ದರು. ಈ ಸಲ ಬದಲಿಸಿದ್ದು ಸಿಟ್ಟಿನಿಂದ.

ಬೆದರಿಕೆ ಫಲಿಸಿತು. ನವೆಂಬರ್ ತಿಂಗಳಲ್ಲಿ ಡೆಟ್ರಾಯ್ಟ್ ಆಟಗಾರರೇ ಸಂಘದಿಂದ ಹೊರಬಂದರು. ಲಿಂಡ್ಸೆಯ ಆಪ್ತ ಗೆಳೆಯ ಗಾರ್ಡಿ ಹೌ, ರಕ್ಷಣಾ ಆಟಗಾರ ರೆಡ್ ಕೆಲ್ಲಿ ಇಬ್ಬರೂ ಅವರಲ್ಲಿದ್ದರು. 1958ರ ಫೆಬ್ರುವರಿಯಲ್ಲಿ ಮಾಲೀಕರು 7,000 ಡಾಲರ್ ಕನಿಷ್ಠ ಸಂಬಳದಂಥ ಕೆಲವು ಬೇಡಿಕೆ ಒಪ್ಪಿದರು. ಸಂಘ ಮಾತ್ರ ಉಳಿಯಲಿಲ್ಲ.

ಲೆಕ್ಕ ತಪ್ಪಿದ್ದು

ಸಂಘ ಮುರಿದ ಆ್ಯಡಮ್ಸ್‌ಗೆ ತಂಡವನ್ನು ಉಳಿಸಿಕೊಳ್ಳಲಾಗಲಿಲ್ಲ. 1958–59ರಲ್ಲಿ ಡೆಟ್ರಾಯ್ಟ್ ಕೊನೆಯ ಸ್ಥಾನಕ್ಕೆ ಇಳಿಯಿತು. ಅತ್ತ ಹಾಲ್, ಡೆಟ್ರಾಯ್ಟ್‌ನಲ್ಲಿ 1955ರಲ್ಲಿ ಶುರುಮಾಡಿದ ಸರಣಿಯನ್ನು ಶಿಕಾಗೊದಲ್ಲಿ ಮುಂದುವರಿಸಿ, 1962ರ ನವೆಂಬರ್‌ವರೆಗೆ ಸತತ 502 ಲೀಗ್ ಪಂದ್ಯಗಳನ್ನು ಪೂರ್ತಿಯಾಗಿ ಆಡಿದರು. ಅದೂ ಮುಖವಾಡವಿಲ್ಲದೆ. ಪಂದ್ಯಕ್ಕೆ ಮುಂಚೆ ಆತಂಕದಿಂದ ವಾಂತಿ ಮಾಡಿಕೊಂಡು, ಆಮೇಲೆ ಹೋಗಿ ಗೋಲಿನಲ್ಲಿ ನಿಲ್ಲುತ್ತಿದ್ದ ಮನುಷ್ಯನ ದಾಖಲೆ ಇದು.

1961ರ ಫೈನಲ್‌ನಲ್ಲಿ ಶಿಕಾಗೊ ಮತ್ತು ಡೆಟ್ರಾಯ್ಟ್ ಎದುರುಬದುರಾದವು. ಶಿಕಾಗೊ ಗೋಲಿನಲ್ಲಿ ಹಾಲ್. ಡೆಟ್ರಾಯ್ಟ್ ಗೋಲಿನಲ್ಲಿ ಸಾಚಕ್, ಅವರು ಗಾಯಗೊಂಡ ಮೇಲೆ ಹ್ಯಾಂಕ್ ಬ್ಯಾಸೆನ್. ಈ ಬ್ಯಾಸೆನ್, 1957ರಲ್ಲಿ ಹಾಲ್ ಮತ್ತು ಲಿಂಡ್ಸೆಗೆ ಬದಲಾಗಿ ಬಂದ ನಾಲ್ವರಲ್ಲಿ ಒಬ್ಬರು! ಡೆಟ್ರಾಯ್ಟ್‌ನಲ್ಲೇ ನಡೆದ ಆರನೇ ಪಂದ್ಯವನ್ನು 5–1ರಿಂದ ಗೆದ್ದು ಶಿಕಾಗೊ ಕಪ್ ಎತ್ತಿತು. ಒಂದು ವರ್ಷ ಮೊದಲೇ ನಿವೃತ್ತರಾಗಿದ್ದ ಲಿಂಡ್ಸೆಗೆ ಆ ಭಾಗ್ಯ ಸಿಗಲಿಲ್ಲ.

ಬಾಸ್ಟನ್‌ಗೆ ಕೊಟ್ಟ ಬ್ಯೂಸಿಕ್ ಅಲ್ಲಿ 21 ಋತು ಆಡಿ 545 ಗೋಲು ಹೊಡೆದರು, ಎರಡು ಕಪ್ ಗೆದ್ದರು. ಸಂಘ ಬಿಟ್ಟು ಬಂದ ರೆಡ್ ಕೆಲ್ಲಿ, ಮುರಿದ ಪಾದದ ಮೇಲೆ ತಂಡಕ್ಕಾಗಿ ಆಡಿದ್ದನ್ನು ಪತ್ರಕರ್ತರೊಬ್ಬರಿಗೆ ಹೇಳಿದ ತಪ್ಪಿಗೆ, 1960ರಲ್ಲಿ ನ್ಯೂಯಾರ್ಕಿಗೆ ಮಾರಾಟವಾದರು. ಆಟವನ್ನೇ ಬಿಡುತ್ತೇನೆ ಹೊರತು ಹೋಗುವುದಿಲ್ಲ ಎಂದು ಅವರು ಕೂತಾಗ, ಆ ವ್ಯಾಪಾರ ರದ್ದಾಗಿ ಟೊರಾಂಟೊ ಸೇರಿದರು. ಅಲ್ಲಿ ನಾಲ್ಕು ಕಪ್ ಗೆದ್ದರು. ಮೌನವಾಗಿದ್ದರೆ ಬಚಾವಾಗಬಹುದು ಎಂದುಕೊಂಡವರಿಗೂ ಆ ಕರಾರು ರಕ್ಷಣೆ ಕೊಡಲಿಲ್ಲ.

1955ರ ನಂತರ ಡೆಟ್ರಾಯ್ಟ್ ಮತ್ತೆ ಸ್ಟ್ಯಾನ್ಲಿ ಕಪ್ ಗೆದ್ದದ್ದು 1997ರಲ್ಲಿ, 42 ವರ್ಷಗಳ ಬಳಿಕ. ಅಷ್ಟೂ ವರ್ಷದ ಸೋಲನ್ನು ಒಂದೇ ದಿನದ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಇಳಿಜಾರಿನ ದಾರಿ ಶುರುವಾದದ್ದು ಆ ಬೇಸಿಗೆಯಲ್ಲೇ.

ಇಂದಿನ ಕರಾರು

ಆಟಗಾರರ ಸಂಘ 1967ರಲ್ಲಿ ಮತ್ತೆ ಹುಟ್ಟಿತು, ಉಳಿಯಿತು. 1972ರಲ್ಲಿ ಪ್ರತಿಸ್ಪರ್ಧಿ ಲೀಗೊಂದು ತಲೆ ಎತ್ತಿದಾಗ ಹಳೆಯ ಷರತ್ತು ನ್ಯಾಯಾಲಯದಲ್ಲಿ ಅಲುಗಾಡಿತು. ಸಂಘವೂ ಕಳಂಕದಿಂದ ಪಾರಾಗಲಿಲ್ಲ. ಅದನ್ನು ದೀರ್ಘಕಾಲ ನಡೆಸಿದ ಅಲನ್ ಈಗಲ್ಸನ್ ವಂಚನೆಯ ಅಪರಾಧಕ್ಕೆ 1998ರಲ್ಲಿ ಶಿಕ್ಷೆಗೊಳಗಾದರು. 2004–05ರಲ್ಲಿ ಸಂಬಳದ ಜಗಳಕ್ಕೆ ಇಡೀ ಋತುವೇ ರದ್ದಾಯಿತು. ನಂತರ ಬಂದ ಒಪ್ಪಂದದಲ್ಲಿ ಒಂದು ತಂಡ ಸಂಬಳಕ್ಕೆ ಖರ್ಚು ಮಾಡಬಹುದಾದ ಮಿತಿ 3.9 ಕೋಟಿ ಡಾಲರ್. 2025–26ರ ಋತುವಿನಲ್ಲಿ ಅದು 9.55 ಕೋಟಿ. ತಮ್ಮ ಒಪ್ಪಿಗೆ ಇಲ್ಲದೆ ಬೇರೆ ತಂಡಕ್ಕೆ ಕೊಡುವಂತಿಲ್ಲ ಎಂಬ ಷರತ್ತನ್ನು ಈಗ ಅನೇಕ ಹಿರಿಯ ಆಟಗಾರರು ಕರಾರಿನಲ್ಲೇ ಬರೆಸಿಕೊಳ್ಳುತ್ತಾರೆ. ಲಿಂಡ್ಸೆಯ ಕಾಲದಲ್ಲಿ ಇದು ಊಹೆಗೂ ನಿಲುಕದ ಮಾತು.

ಲಿಂಡ್ಸೆ ಕೊನೆಯವರೆಗೂ ಬದಲಾಗಲಿಲ್ಲ. 1966ರಲ್ಲಿ ಹಾಕಿ ಕೀರ್ತಿಶಾಲೆಗೆ ಆಯ್ಕೆಯಾದಾಗ, ಸಮಾರಂಭಕ್ಕೆ ಹೆಂಗಸರಿಗೆ ಪ್ರವೇಶವಿಲ್ಲ, ಹೆಂಡತಿಯನ್ನು ಕರೆತರುವಂತಿಲ್ಲ ಎಂದು ತಿಳಿದು, ತಾವೂ ಹೋಗಲಿಲ್ಲ. ಮುಂದೆ ಆ ಪದ್ಧತಿಯೇ ಬದಲಾಯಿತು. 2019ರಲ್ಲಿ, 93ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಲೀಗಿನಲ್ಲಿ ಪ್ರತಿವರ್ಷ ಅನೇಕ ಪ್ರಶಸ್ತಿಗಳನ್ನು ಕೊಡುತ್ತಾರೆ. ಅತ್ಯುತ್ತಮ ಕೋಚ್‌ಗೆ ಕೊಡುವ ಪ್ರಶಸ್ತಿಗೆ ಜ್ಯಾಕ್ ಆ್ಯಡಮ್ಸ್ ಹೆಸರಿದೆ. ಇನ್ನೊಂದು ಪ್ರಶಸ್ತಿಗೆ 2010ರಿಂದ ಟೆಡ್ ಲಿಂಡ್ಸೆ ಹೆಸರು. ಆ ವರ್ಷದ ಶ್ರೇಷ್ಠ ಆಟಗಾರ ಯಾರೆಂದು ಅದಕ್ಕೆ ಆರಿಸುವವರು ಮಾಲೀಕರಲ್ಲ, ಪತ್ರಕರ್ತರೂ ಅಲ್ಲ. ಆಟಗಾರರ ಸಂಘದ ಸದಸ್ಯರು.