ಪರ್ಯಾಪ್ತ ಮನುಷ್ಯರಾಶಿ: ಪಾಠನಿರ್ಣಯಕ್ಕೆ ಗಣಿತದ ಒರೆಗಲ್ಲು

ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಕ್ರಿ.ಶ. 10ನೆಯ ಶತಮಾನದಲ್ಲಿ ರಚಿಸಿದ ಗೊಮ್ಮಟಸಾರದ ಜೀವಕಾಂಡವು ಪರ್ಯಾಪ್ತ ಮನುಷ್ಯರ ರಾಶಿಯನ್ನು ಎರಡು ಬಗೆಯಾಗಿ ನಿರೂಪಿಸುತ್ತದೆ. ಒಂದು ಗಾಥೆಯಂತೆ ಅದು ಪಂಚಮವರ್ಗದ ಘನಕ್ಕೆ ಸಮಾನ. ಎರಡರಿಂದ ತೊಡಗಿ ವರ್ಗಿಸುತ್ತ ಹೋದರೆ 4, 16, 256, 65536, 4294967296 ದೊರೆಯುತ್ತವೆ. ಈ ಐದನೆಯದರ ಘನವು 29 ಸ್ಥಾನಗಳ 79228162514264337593543950336. ಪಂಚಮವರ್ಗದ ಅರ್ಧಚ್ಛೇದಗಳು 32. ಆದುದರಿಂದ ಅದರ ಘನಕ್ಕೆ 96. ಅಷ್ಟು ಸಲ ಅರ್ಧಿಸಿದರೆ ಒಂದು ಮಾತ್ರ ಉಳಿಯುತ್ತದೆ.

ಮತ್ತೊಂದು ಗಾಥೆಯು ಇದೇ ಅಂಕಗಳನ್ನು ಕಟಪಯಾದಿ ಕ್ರಮದ ಅಕ್ಷರಗಳಲ್ಲಿ ಹೇಳುತ್ತದೆ. ಬಿಡಿಸ್ಥಾನದ 6ಕ್ಕೆ ತಕಾರ ಮೊದಲು, ಕಡೆಗೆ 7ಕ್ಕೆ ಸಕಾರ. ಅಂಕಗಳ ಗತಿ ಬಲದಿಂದ ಎಡಕ್ಕೆ. ಇಂತಹ ಅಕ್ಷರಗಳಿಗೆ ಸಂಖ್ಯೆಯಲ್ಲದೆ ಬೇರೆ ಅನ್ವಯವಿಲ್ಲ. ಹೀಗಾಗಿ ಲಿಪಿಕಾರನ ಸ್ಖಾಲಿತ್ಯವನ್ನು ಅರ್ಥದ ಬಲದಿಂದ ತಿದ್ದಲು ಬಾರದು.

ಕನ್ನಡ ಲಿಪಿಯ ಓಲೆಗಳಲ್ಲಿ ಮಕಾರ ವಕಾರಗಳ ಭ್ರಾಂತಿ ಸುಲಭ. ಐದನೆಯ ಅಕ್ಷರವಾದ ಮಕಾರವನ್ನು ವಕಾರವೆಂದು ಓದಿದರೆ 5ರ ಎಡೆಯಲ್ಲಿ 4 ಬಂದು ಸಂಖ್ಯೆಯು 40336 ಎಂದು ಮುಗಿಯುತ್ತದೆ. ಅದನ್ನು ನಾಲ್ಕು ಸಲ ಅರ್ಧಿಸುವಷ್ಟರಲ್ಲಿ ಬೆಸಸಂಖ್ಯೆ ದೊರೆತು ಛೇದವು ನಿಲ್ಲುತ್ತದೆ. ಪಾಠವು ಅಶುದ್ಧವೆಂದು ಸಿದ್ಧವಾಗುತ್ತದೆ.

ಶುದ್ಧಪಾಠದ ಅಂಕಗಳ ಮೊತ್ತ 127. ಒಂಬತ್ತರಿಂದ ಭಾಗಿಸಿದರೆ ಶೇಷ 1. ಈ ಪರೀಕ್ಷೆ ಸುಲಭವಾದರೂ ಅಪೂರ್ಣ. ಎರಡು ಅಕ್ಷರಗಳು ಸ್ಥಾನಪಲ್ಲಟಗೊಂಡರೆ ಮೊತ್ತವು ಬದಲಾಗದು. ಅರ್ಧಚ್ಛೇದದ ಪರೀಕ್ಷೆಗೆ ಆ ದೋಷವೂ ಸಿಕ್ಕಿಬೀಳುತ್ತದೆ. 96 ಸಲ ಅರ್ಧಿಸಿ ಒಂದನ್ನು ಮುಟ್ಟುವ ಸಂಖ್ಯೆ ಇದೊಂದೇ. ಆದುದರಿಂದ ಈ ಗಾಥೆಯ ಪಾಠನಿರ್ಣಯದಲ್ಲಿ ಪ್ರತಿಗಳ ಬಾಹುಳ್ಯಕ್ಕಿಂತ ಗಣಿತವೇ ಬಲವತ್ತರವಾದ ಪ್ರಮಾಣ.