ಒಂದು ಗೇಣು ಭೂಮಿ: ಸರಪಳಿಯಿಂದ ಟೋಟಲ್ ಸ್ಟೇಷನ್‌ವರೆಗೆ ಭೂಮಾಪನದ ಕಥೆ



ಬೇಗೂರಿನ ಸುತ್ತಮುತ್ತ ಎಲ್ಲಿ ಹೊಸ ಕಟ್ಟಡ ಏಳುವುದಾದರೂ, ಇಟ್ಟಿಗೆ ಮತ್ತು ಸಿಮೆಂಟು ಬರುವುದಕ್ಕೆ ಮೊದಲು ಒಂದು ದೃಶ್ಯವನ್ನು ನೀವು ನೋಡಿರುತ್ತೀರಿ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಒಂದು ಯಂತ್ರ. ಒಬ್ಬರು ಅದರೊಳಗೆ ಕಣ್ಣಿಟ್ಟು ನೋಡುತ್ತಿರುತ್ತಾರೆ, ದೂರದಲ್ಲಿ ಇನ್ನೊಬ್ಬರು ಕೋಲು ಹಿಡಿದು ನಿಂತಿರುತ್ತಾರೆ. ನಾವು ಅದನ್ನು ನೋಡಿ ಮುಂದೆ ಹೋಗುತ್ತೇವೆ. ಆದರೆ ಆ ಕಟ್ಟಡ ನೆಟ್ಟಗೆ ನಿಲ್ಲುವುದೋ ಇಲ್ಲವೋ, ನೆರೆಯವರ ಜಾಗಕ್ಕೆ ಕೈ ಚಾಚುವುದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಆ ಹೊತ್ತಿನಲ್ಲೇ. ಈ ವಿದ್ಯೆ ಎಲ್ಲಿಂದ ಬಂತು, ಹೇಗೆ ಬೆಳೆಯಿತು, ಅದರಲ್ಲಿ ನಮ್ಮ ಪೂರ್ವಿಕರ ಪಾಲೇನು, ನಮಗೆ ಅದರಿಂದ ಪಾಠವೇನು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಕಲ್ಲಿನ ಮೇಲೆ ಬರೆದ ಬೇಗೂರು

ಬೇಗೂರು ಹಳೆಯ ಊರು. ಇಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ.ಶ. 890ರ ಕಾಲದ ವೀರಗಲ್ಲಿನ ಶಾಸನದಲ್ಲಿ ‘ಬೆಂಗಳೂರು’ ಎಂಬ ಹೆಸರು ಬಂದಿರುವುದು ಬಹಳ ಜನರಿಗೆ ಗೊತ್ತು. ಬೇಗೂರಿನದೇ ಇನ್ನೊಂದು ವೀರಗಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಎರೆಯಪ್ಪನು ‘ಬೆಂಪೂರು ಹನ್ನೆರಡು’ ಎಂಬ ಹಳ್ಳಿಗಳ ಗುಂಪನ್ನು ದತ್ತಿ ಕೊಟ್ಟ ವಿಷಯ ಅದರಲ್ಲಿದೆ. ಬೆಂಪೂರು ಎಂದರೆ ಇಂದಿನ ಬೇಗೂರೇ.

ಅಂದಿನ ಕಾಲದಲ್ಲಿ ಭೂಮಿಯನ್ನು ಅಳೆಯುತ್ತಿದ್ದದ್ದು ‘ಗಳೆ’ ಅಥವಾ ಕೋಲಿನಿಂದ. ಮತ್ತರು, ಕಮ್ಮ ಎಂಬ ಅಳತೆಗಳು ಕನ್ನಡ ಶಾಸನಗಳಲ್ಲಿ ತುಂಬಾ ಬರುತ್ತವೆ. ಎಷ್ಟು ಬೀಜ ಬಿತ್ತಬಹುದು ಎಂಬುದರ ಮೇಲೆ ‘ಇಷ್ಟು ಖಂಡುಗದ ಹೊಲ’ ಎನ್ನುವ ರೂಢಿಯೂ ಇತ್ತು. ಇದರಲ್ಲಿ ಒಂದು ತೊಂದರೆಯಿತ್ತು: ಒಂದು ಊರಿನ ಕೋಲು ಇನ್ನೊಂದು ಊರಿನ ಕೋಲಿನಷ್ಟು ಉದ್ದವಿರಲಿಲ್ಲ. ಅಳತೆ ಸರಿಯಿದ್ದರೂ ಅಳತೆಗೋಲು ಬೇರೆಯಾದರೆ ಜಗಳ ತಪ್ಪಿದ್ದಲ್ಲ. ಎಲ್ಲರೂ ಒಪ್ಪುವ ಅಳತೆ ಯಾವುದು ಎಂಬ ಪ್ರಶ್ನೆಯೇ ಭೂಮಾಪನ ಶಾಸ್ತ್ರದ ತಾಯಿ.

ಬಗ್ದಾದಿನಿಂದ ನಂದನಾ ಕೋಟೆಯವರೆಗೆ

9ನೇ ಶತಮಾನದಲ್ಲಿ ಅಬ್ಬಾಸಿ ಖಲೀಫ ಅಲ್ ಮಾಮೂನ್ ಭೂಮಿಯ ಗಾತ್ರ ತಿಳಿಯಲು ವಿದ್ವಾಂಸರ ತಂಡವನ್ನು ಇಂದಿನ ಇರಾಕಿನ ಸಿಂಜಾರ್ ಬಯಲಿಗೆ ಕಳುಹಿಸಿದರು. ಅವರು ಗೂಟ ನೆಟ್ಟು, ಹಗ್ಗ ಹಿಡಿದು, ಧ್ರುವ ನಕ್ಷತ್ರದ ಎತ್ತರ ಒಂದು ಡಿಗ್ರಿ ಬದಲಾಗುವವರೆಗೂ ನೇರವಾಗಿ ನಡೆದು ಆ ದೂರವನ್ನು ಅಳೆದರು.

11ನೇ ಶತಮಾನದ ಅಲ್ ಬಿರೂನಿ ಅಷ್ಟು ದೂರ ನಡೆಯಲೇ ಇಲ್ಲ. ಇಂದು ಪಾಕಿಸ್ತಾನದಲ್ಲಿರುವ ಪಂಜಾಬಿನ ನಂದನಾ ಕೋಟೆಯ ಬಳಿ ಒಂದು ಬೆಟ್ಟದ ಎತ್ತರವನ್ನು ಕೋನಗಳಿಂದ ಅಳೆದರು. ಬೆಟ್ಟದ ಮೇಲಿಂದ ದಿಗಂತ ಎಷ್ಟು ಕೆಳಗೆ ಬಾಗಿ ಕಾಣುತ್ತದೆ ಎಂಬುದನ್ನು ನೋಡಿ ಭೂಮಿಯ ತ್ರಿಜ್ಯವನ್ನು ಲೆಕ್ಕ ಹಾಕಿದರು. ಅದೇ ಕಾಲದ ಅಲ್ ಕರಜಿ ಅಂತರ್ಜಲವನ್ನು ಕುರಿತ ತಮ್ಮ ಗ್ರಂಥದಲ್ಲಿ, ನೀರಿನ ಕಾಲುವೆ ತೋಡುವವರಿಗಾಗಿ ಮಟ್ಟ ನೋಡುವ ಸಾಧನಗಳನ್ನು ವಿವರಿಸಿದರು. ಉದ್ದ, ಕೋನ ಮತ್ತು ಮಟ್ಟ ಎಂಬ ಈ ಮೂರರ ಮೇಲೆಯೇ ಇಂದಿಗೂ ಸರ್ವೆ ನಿಂತಿದೆ.

ಅಗರದ ಬಳಿ ಹಾಸಿದ ಸರಪಳಿ

ಈಗ ನಮ್ಮ ಊರಿಗೆ ಬರೋಣ. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಹಜ್ರತ್ ಟಿಪ್ಪು ಸುಲ್ತಾನರು ಹುತಾತ್ಮರಾದರು. ಆ ಯುದ್ಧದಲ್ಲಿ ಬ್ರಿಟಿಷ್ ಸೈನ್ಯದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ, ಗೆದ್ದ ನಾಡನ್ನು ಗಣಿತದ ಆಧಾರದಲ್ಲಿ ಅಳೆಯುವ ಯೋಜನೆಯನ್ನು ಸರ್ಕಾರದ ಮುಂದಿಟ್ಟರು. ಕಾಲಿನ್ ಮೆಕೆಂಜಿಯವರ ಮೈಸೂರು ಸರ್ವೆಯೂ ಅದೇ ಕಾಲದಲ್ಲಿ ಆರಂಭವಾಯಿತು. ಗೆದ್ದವರು ನಾಡನ್ನು ಅಳೆಯುವುದು ಆಳುವುದಕ್ಕೆ ಮತ್ತು ಕಂದಾಯ ಎತ್ತುವುದಕ್ಕೆ, ಇದನ್ನು ಮರೆಯಬಾರದು. ಆದರೆ ಅಳೆಯುವ ವಿದ್ಯೆ ಯಾರೊಬ್ಬರ ಸ್ವತ್ತೂ ಅಲ್ಲ.

1800ರ ಕೊನೆಯ ತಿಂಗಳುಗಳಲ್ಲಿ ಲ್ಯಾಂಬ್ಟನ್ ಬೆಂಗಳೂರಿನ ಪೂರ್ವಕ್ಕೆ, ಬಾಣಸವಾಡಿ ಕಡೆಯಿಂದ ಅಗರದ ಕಡೆಗೆ, ಸುಮಾರು 7.43 ಮೈಲಿ ಉದ್ದದ ಒಂದು ಆಧಾರ ರೇಖೆಯನ್ನು ಅಳೆದರು. ಬೇಗೂರಿನಿಂದ ಅಗರ ಎಷ್ಟು ದೂರ ಎಂದು ನಿಮಗೇ ಗೊತ್ತು. ಸಾಧನವೆಂದರೆ 100 ಅಡಿಯ ಉಕ್ಕಿನ ಸರಪಳಿ. ಅದನ್ನು 390ಕ್ಕೂ ಹೆಚ್ಚು ಸಲ ಹಾಸಿ ಎತ್ತಬೇಕಾಯಿತು.

ಬರೀ ಹಾಸಿದರೆ ಸಾಲದು, ಸರಪಳಿಯ ಬಿಸಿಯನ್ನೂ ನೋಡಬೇಕು. ಏಕೆಂದು ನೀವೇ ಲೆಕ್ಕ ಹಾಕಿ ನೋಡಿ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ 100 ಅಡಿಯ ಉಕ್ಕು ಸುಮಾರು 3.5 ಮಿಲಿಮೀಟರ್ ಹಿಗ್ಗುತ್ತದೆ. ಒಂದು ಸಲಕ್ಕೆ ಇದು ಅಕ್ಕಿ ಕಾಳಿನ ಅರ್ಧದಷ್ಟು. ಆದರೆ 390 ಸಲ ಸೇರಿದರೆ ಸುಮಾರು ನಾಲ್ಕೂವರೆ ಅಡಿ! ಸಣ್ಣ ತಪ್ಪು ಕೂಡುತ್ತಾ ಹೋದರೆ ದೊಡ್ಡದಾಗುತ್ತದೆ ಎಂಬುದು ಸರ್ವೆಯ ಮೊದಲ ಪಾಠ.

ಒಂದು ರೇಖೆ ಸಿಕ್ಕ ಮೇಲೆ ಉಳಿದದ್ದು ತ್ರಿಕೋನಗಳ ಕೆಲಸ. ರೇಖೆಯ ಎರಡು ತುದಿಗಳಿಂದ ದೂರದ ಗುಡ್ಡವನ್ನು ನೋಡಿ ಕೋನ ಅಳೆದರೆ, ಅಲ್ಲಿಗೆ ಹೋಗದೆಯೇ ದೂರ ತಿಳಿಯುತ್ತದೆ. ಆ ತ್ರಿಕೋನದ ಬಾಹು ಮುಂದಿನ ತ್ರಿಕೋನಕ್ಕೆ ಆಧಾರವಾಗುತ್ತದೆ. ಕೋನ ಅಳೆಯುವ ಯಂತ್ರ ಥಿಯೋಡೊಲೈಟ್. ಲ್ಯಾಂಬ್ಟನ್ ತರಿಸಿದ ದೊಡ್ಡ ಥಿಯೋಡೊಲೈಟ್ ಸುಮಾರು ಅರ್ಧ ಟನ್ ತೂಕದ್ದು. ಅದನ್ನು ತರುತ್ತಿದ್ದ ಹಡಗು ಫ್ರೆಂಚರ ವಶವಾಗಿ ಮಾರಿಷಸ್‌ಗೆ ಹೋಯಿತು. ಅಲ್ಲಿನ ಫ್ರೆಂಚ್ ಗವರ್ನರ್ ಅದನ್ನು ಗೌರವದಿಂದ ಹಿಂದಕ್ಕೆ ಕಳುಹಿಸಿದರು. ಶತ್ರುಗಳೂ ವಿದ್ಯೆಗೆ ಮರ್ಯಾದೆ ಕೊಟ್ಟ ಉದಾಹರಣೆ ಇದು.

1802ರ ಏಪ್ರಿಲ್‌ನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಹೊಸ ಆಧಾರ ರೇಖೆಯೊಂದಿಗೆ ಮಹಾ ತ್ರಿಕೋನಮಿತಿ ಸರ್ವೆ ಆರಂಭವಾಯಿತು. ತ್ರಿಕೋನಗಳ ಸಾಲು ಮದ್ರಾಸಿನಿಂದ ಬೆಂಗಳೂರಿಗೆ ಬಂದು ತಲುಪಿದಾಗ, 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ರೇಖೆಯನ್ನು ಸರಪಳಿಯಿಂದ ಅಳೆಯಲಾಯಿತು. ಲೆಕ್ಕದಿಂದ ಬಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ವ್ಯತ್ಯಾಸ ಕೆಲವೇ ಇಂಚು! ಏಳು ಮೈಲಿಯ ರೇಖೆಯನ್ನು ಮತ್ತೆ ಅಳೆದದ್ದು ಒಂದೇ ಕಾರಣಕ್ಕೆ: ತಮ್ಮ ಲೆಕ್ಕವನ್ನು ತಾವೇ ಪರೀಕ್ಷಿಸಿಕೊಳ್ಳುವುದಕ್ಕೆ. ಪರೀಕ್ಷೆಗೆ ಒಳಪಡದ ಅಳತೆಯನ್ನು ನಂಬಬಾರದು ಎಂಬುದು ಸರ್ವೆಯ ಎರಡನೆಯ ಪಾಠ.

ಆರ್ಕಾಟಿನ ಮೀರ್ ಮೊಹ್ಸಿನ್ ಹುಸೇನ್

ಆ ಸರ್ವೆಯಲ್ಲಿ ಸರಪಳಿ ಹೊತ್ತವರು, ಬಾವುಟ ಹಿಡಿದು ಗುಡ್ಡದ ಮೇಲೆ ನಿಂತವರು, ಜ್ವರದಲ್ಲಿ ಕಾಡಿನಲ್ಲಿ ಸತ್ತವರು ಬಹುಪಾಲು ನಮ್ಮ ನಾಡಿನ ಖಲಾಸಿಗಳು. ಅವರ ಹೆಸರುಗಳು ಇತಿಹಾಸದಲ್ಲಿ ಉಳಿಯಲಿಲ್ಲ. ಉಳಿದ ಒಂದು ಹೆಸರು ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನ್. ಮದ್ರಾಸಿನಲ್ಲಿ ಸೂಕ್ಷ್ಮ ಕುಶಲ ಕೆಲಸ ಮಾಡುತ್ತಿದ್ದ ಇವರು ಕಲ್ಕತ್ತೆಗೆ ಹೋಗಿ ಸರ್ವೆಯ ಉಪಕರಣ ವಿಭಾಗ ಸೇರಿದರು. ಜಾರ್ಜ್ ಎವರೆಸ್ಟ್ ಇವರ ಕೈಚಳಕವನ್ನು ಗುರುತಿಸಿದರು. ಇಂಗ್ಲೆಂಡಿನಿಂದ ಬಂದಿದ್ದ ಉಪಕರಣ ತಜ್ಞ ಹೆನ್ರಿ ಬ್ಯಾರೋ ಹೋದ ಮೇಲೆ, 1840ರ ದಶಕದಲ್ಲಿ, ಆ ಸ್ಥಾನ ಮೊಹ್ಸಿನ್ ಹುಸೇನರಿಗೆ ದೊರೆಯಿತು. ಕೂದಲೆಳೆಯಷ್ಟು ಸೂಕ್ಷ್ಮವಾದ ಗೆರೆಗಳ ಆ ಯಂತ್ರಗಳನ್ನು ದುರಸ್ತಿ ಮಾಡಿ ನಡೆಸಿದ ಕೈಗಳು ಅವರವು. ಎವರೆಸ್ಟ್ ಹೆಸರು ಶಿಖರಕ್ಕೆ ಬಂತು. ಮೊಹ್ಸಿನ್ ಹುಸೇನರ ಹೆಸರನ್ನು ನಮ್ಮ ಮಕ್ಕಳಿಗೆ ಹೇಳುವ ಕೆಲಸ ನಮ್ಮದು.

ಗುಂಟೆ, ಆಣೆ ಮತ್ತು ಬಾಂದು ಕಲ್ಲು

ದೇಶದ ನಕ್ಷೆಗೆ ತ್ರಿಕೋನಮಿತಿ ಸಾಕು. ಆದರೆ ರೈತನ ಹೊಲಕ್ಕೆ? ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ 1863ರಲ್ಲಿ ಆರಂಭವಾಯಿತು. ಇಲ್ಲಿ ಬಳಸಿದ್ದು 33 ಅಡಿಯ ಸರಪಳಿ. ಅದರಲ್ಲಿ 16 ಆಣೆ ಭಾಗ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಜಾಗವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. ಹೊಲದ ಮಧ್ಯೆ ಒಂದು ಆಧಾರ ರೇಖೆ ಎಳೆದು, ಕ್ರಾಸ್ ಸ್ಟಾಫ್ ಎಂಬ ಸರಳ ಸಾಧನದಿಂದ ಲಂಬ ಹಿಡಿದು, ಪ್ರತಿ ಮೂಲೆಯ ದೂರವನ್ನು ಟಿಪ್ಪಣಿಯಲ್ಲಿ ಬರೆದು, ಮೂಲೆಗೆ ಬಾಂದು ಕಲ್ಲು ನೆಡುತ್ತಿದ್ದರು.

ಪಹಣಿ ಮತ್ತು ನಕ್ಷೆಗಳ ಭಾಷೆಯನ್ನು ಗಮನಿಸಿ: ಜಮೀನು, ತಾಲ್ಲೂಕು, ಹಿಸ್ಸಾ, ಖರಾಬು, ಹದ್ದುಬಸ್ತು, ದಾಖಲೆ. ಇವೆಲ್ಲ ಅರಬಿ, ಪಾರಸಿ ಭಾಷೆಗಳಿಂದ ಬಂದು ಕನ್ನಡದ ಮಣ್ಣಿನಲ್ಲಿ ಬೇರೂರಿದ ಪದಗಳು.

ಕಟ್ಟಡದ ನೆಲದಲ್ಲಿ

ಇನ್ನು ಮನೆ ಕಟ್ಟುವ ಜಾಗಕ್ಕೆ ಬರೋಣ. ಮೇಸ್ತ್ರಿಯ ಚೀಲದಲ್ಲಿ ಇರುವುದು ಟೇಪು, ದಾರ, ತೂಗುಗುಂಡು, ಮೂಲೆಮಟ್ಟ, ರಸಮಟ್ಟ ಮತ್ತು ನೀರು ತುಂಬಿದ ಪಾರದರ್ಶಕ ಕೊಳವೆ. ಕೊಳವೆಯ ಎರಡು ತುದಿಗಳಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಇದರಿಂದ ಮನೆಯ ನಾಲ್ಕೂ ಮೂಲೆಗಳ ಮಟ್ಟ ನೋಡಬಹುದು. ದೊಡ್ಡ ಕೆಲಸಕ್ಕೆ ಡಂಪಿ ಲೆವೆಲ್ ಬೇಕು. ಇಂಗ್ಲೆಂಡಿನ ವಿಲಿಯಂ ಗ್ರಾವಟ್ 1832ರಲ್ಲಿ ರೂಪಿಸಿದ ಯಂತ್ರ ಇದು. ಗೊತ್ತಿರುವ ಎತ್ತರದ ಬೆಂಚ್ ಮಾರ್ಕ್‌ನಿಂದ ಹೊರಟು, ಸ್ಟಾಫ್ ಓದುತ್ತಾ ಸಾಗಿ, ಕೊನೆಗೆ ಹೊರಟಲ್ಲಿಗೇ ಹಿಂತಿರುಗಬೇಕು. ಏರಿದ್ದು ಇಳಿದದ್ದು ಸಮವಾದರೆ ಮಾತ್ರ ಕೆಲಸ ಸರಿ. ಕೆರೆ ಮತ್ತು ರಾಜಕಾಲುವೆಗಳ ಪಕ್ಕದಲ್ಲಿ ಮಟ್ಟ ನೋಡದೆ ಕಟ್ಟಿದ ಬಡಾವಣೆಗಳ ಗತಿ ಏನೆಂದು 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರು ನೋಡಿತು.

ವಿದ್ಯಾರ್ಥಿಗಳೇ, ಈಗ ಒಂದು ಲೆಕ್ಕ. ಬೆಂಗಳೂರಿನಲ್ಲಿ ಎಲ್ಲರ ಬಾಯಲ್ಲಿರುವ 30x40 ಸೈಟಿನ ಕರ್ಣ ಎಷ್ಟು? ಪೈಥಾಗೊರಸ್ ಪ್ರಮೇಯದ ಪ್ರಕಾರ ಸರಿಯಾಗಿ 50 ಅಡಿ. ಮೂಲೆಗಳು ನೇರವಿದ್ದರೆ ಎರಡೂ ಕರ್ಣಗಳು 50 ಅಡಿ ಬರಬೇಕು. ಒಂದು ಕರ್ಣ 49 ಅಡಿ, ಇನ್ನೊಂದು ಸುಮಾರು 51 ಅಡಿ ಬಂದಿತೆನ್ನಿ. ಆಗಲೂ ನಾಲ್ಕು ಬದಿಗಳು 30 ಮತ್ತು 40 ಅಡಿಯೇ ಇರುತ್ತವೆ. ವಿಸ್ತೀರ್ಣ 1,199 ಚದರ ಅಡಿ, ಒಂದೇ ಅಡಿ ಕಡಿಮೆ. ಕಾಗದದ ಮೇಲೆ ಯಾರಿಗೂ ತಪ್ಪು ಕಾಣುವುದಿಲ್ಲ. ಆದರೆ ನೆಲದ ಮೇಲೆ ಹಿಂದಿನ ಮೂಲೆ ಸುಮಾರು 20 ಇಂಚು ಪಕ್ಕಕ್ಕೆ ಸರಿದು ನೆರೆಯವರ ಸೈಟಿನೊಳಗೆ ಹೋಗಿರುತ್ತದೆ!

20 ಇಂಚು ಎಂದರೆ ಎರಡು ಗೇಣು. ಇತರರ ಭೂಮಿಯನ್ನು ಒಂದು ಗೇಣಿನಷ್ಟು ಅನ್ಯಾಯವಾಗಿ ವಶಪಡಿಸಿಕೊಂಡವನ ಕೊರಳಿಗೆ ಪರಲೋಕದಲ್ಲಿ ಏಳು ಭೂಮಿಗಳ ಭಾರ ಬೀಳುವುದೆಂದು ಪ್ರವಾದಿ ಮುಹಮ್ಮದ್ (ಸ) ಎಚ್ಚರಿಸಿರುವುದು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳಲ್ಲಿದೆ. ಅರಿಯದೆ ಆದ ತಪ್ಪು ಬೇರೆ, ನಿಜ. ಆದರೆ ಎರಡು ಕರ್ಣ ಅಳೆಯಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷದ ಸೋಮಾರಿತನಕ್ಕೆ ಮುಂದಿನ ತಲೆಮಾರು ಇಪ್ಪತ್ತು ವರ್ಷ ನ್ಯಾಯಾಲಯಕ್ಕೆ ಅಲೆಯಬೇಕೇ?

ಇಂದಿನ ಯಂತ್ರಗಳು, ಇಂದಿನ ಕರ್ತವ್ಯ

ಇಂದು ಟೋಟಲ್ ಸ್ಟೇಷನ್ ಬಂದಿದೆ. ಅದು ಬೆಳಕಿನ ಕಿರಣ ಕಳುಹಿಸಿ ದೂರವನ್ನೂ, ಅದರೊಂದಿಗೆ ಕೋನವನ್ನೂ ಒಟ್ಟಿಗೆ ಅಳೆಯುತ್ತದೆ. ಉಪಗ್ರಹ ಆಧಾರಿತ ರಿಸೀವರ್‌ಗಳು, ಡ್ರೋನ್‌ಗಳು ಬಂದಿವೆ. ಲ್ಯಾಂಬ್ಟನ್ ವಾರಗಟ್ಟಲೆ ಮಾಡಿದ ಕೆಲಸ ಇಂದು ಕೆಲವು ಗಂಟೆಗಳದ್ದು. ಆದರೆ ತಪ್ಪು ಬಿಂದುವಿನ ಮೇಲೆ ಇಟ್ಟ ಯಂತ್ರ ಅತಿ ನಿಖರವಾಗಿ ತಪ್ಪು ಉತ್ತರವನ್ನೇ ಕೊಡುತ್ತದೆ. ಎರಡನೆಯ ಸಲ ಅಳೆದು ನೋಡುವ ಶಿಸ್ತು ಯಂತ್ರದಿಂದ ಬರುವುದಿಲ್ಲ, ಮನುಷ್ಯನಿಂದಲೇ ಬರಬೇಕು.

ಬೇಗೂರು ಇಂದು ಹಳ್ಳಿಯಲ್ಲ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದ ಮೇಲೆ ಗುಂಟೆಯ ಲೆಕ್ಕದ ಹೊಲಗಳು ಚದರ ಅಡಿಯ ಲೆಕ್ಕಕ್ಕೆ ಬಂದವು. ಹಳೆಯ ಬಾಂದು ಕಲ್ಲುಗಳು ರಸ್ತೆಯಡಿ, ಕಾಂಪೌಂಡಿನಡಿ ಮುಚ್ಚಿಹೋಗುತ್ತಿವೆ. ಆದ್ದರಿಂದ ಸದಸ್ಯರಲ್ಲಿ ನನ್ನ ವಿನಂತಿ: ಸೈಟು ಕೊಳ್ಳುವ ಮೊದಲು ಕಾಗದದ ಜೊತೆಗೆ ನೆಲವನ್ನೂ ಅಳೆಸಿ. ನಮ್ಮ ಮಸೀದಿ, ಮದ್ರಸಾ, ಖಬರಸ್ಥಾನ, ಶಾಲೆಗಳ ಗಡಿಯನ್ನು ಪರವಾನಗಿ ಪಡೆದ ಭೂಮಾಪಕರಿಂದ, ಅಕ್ಕಪಕ್ಕದ ಜಮೀನಿನವರ ಸಮ್ಮುಖದಲ್ಲಿ ಅಳೆಸಿ, ನಕ್ಷೆ ಮಾಡಿಸಿ, ಕಲ್ಲು ನೆಡಿಸಿ. ನಮ್ಮದು ಹೋಗಬಾರದು, ಇನ್ನೊಬ್ಬರದು ಬರಬಾರದು. ನೆರೆಯವರ ಎದುರಿಗೆ ಆದ ಅಳತೆಗೆ ನೆರೆಯವರೇ ಸಾಕ್ಷಿ.

ವಿದ್ಯಾರ್ಥಿಗಳಲ್ಲಿ ಇನ್ನೊಂದು ಮಾತು. ಎಲ್ಲರೂ ಡಾಕ್ಟರ್, ಎಂಜಿನಿಯರ್ ಆಗಬೇಕೆಂದಿಲ್ಲ. ಐಟಿಐನಲ್ಲಿ ಸರ್ವೇಯರ್ ಟ್ರೇಡ್ ಇದೆ, ಸಿವಿಲ್ ಡಿಪ್ಲೊಮಾ ಇದೆ. ಕಟ್ಟುತ್ತಲೇ ಇರುವ ಈ ನಗರದಲ್ಲಿ ಪ್ರಾಮಾಣಿಕವಾಗಿ ಅಳೆಯುವವರಿಗೆ ಕೆಲಸ ಎಂದೂ ಕಡಿಮೆಯಾಗದು. ಅಲ್ ಬಿರೂನಿಯವರ ಗಣಿತ, ಮೊಹ್ಸಿನ್ ಹುಸೇನರ ಕೈಚಳಕ ಇವೆರಡೂ ನಿಮ್ಮ ಪಿತ್ರಾರ್ಜಿತ ಆಸ್ತಿ. ಅದನ್ನು ಪಡೆಯಲು ಯಾವ ಖಾತೆ ಬದಲಾವಣೆಯೂ ಬೇಡ, ಓದು ಮತ್ತು ಶ್ರಮ ಸಾಕು.

ಅಳತೆಯಲ್ಲಿ ನ್ಯಾಯವನ್ನು ಪಾಲಿಸುವವರಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ. ಆಮೀನ್.