ಕಂಬಿಯೊಳಗೆ ತಿದ್ದಿದ ಅಕ್ಷರ

ಬಾಸ್ಟನ್ನಿನ ಮಗಳ ಮನೆಗೆ ಹೋದಾಗ ನಾನು ಹಟ ಹಿಡಿದು ನೋಡಿದ್ದು ನಾರ್ಫೋಕ್ ಜೈಲನ್ನು. "ಜೈಲು ನೋಡೋಕೆ ಇಷ್ಟು ದೂರ ಬಂದ್ರಾ ಅಪ್ಪಾ?" ಅಂದಳು. ಒಳಗೆ ಬಿಡುವುದಿಲ್ಲವೆಂದು ಗೊತ್ತಿತ್ತು. ರಸ್ತೆಯಲ್ಲಿ ನಿಂತು ಗೋಡೆಯನ್ನಷ್ಟೇ ನೋಡಿ ಬಂದೆ. ತಿಪಟೂರಿನ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ಪುಸ್ತಕ ಕೊಟ್ಟು ತೆಗೆದುಕೊಂಡವನು ನಾನು. ಆ ಗೋಡೆಯ ಹಿಂದೆಯೂ ಒಂದು ಗ್ರಂಥಾಲಯವಿತ್ತು.

1948ರಲ್ಲಿ ಅಲ್ಲಿಗೆ ಬಂದ ಕೈದಿ ಮಾಲ್ಕಮ್ ಲಿಟಲ್, ಮುಂದೆ ಕಪ್ಪು ಜನರ ನಾಯಕ ಮಾಲ್ಕಮ್ ಎಕ್ಸ್ ಎಂದು ಹೆಸರಾದವನು. ಎಂಟನೇ ತರಗತಿಗೇ ಶಾಲೆ ಬಿಟ್ಟವನು, ಮನೆಗಳ್ಳತನಕ್ಕೆ ಎಂಟರಿಂದ ಹತ್ತು ವರ್ಷ ಶಿಕ್ಷೆ ಪಡೆದವನು. ಅದೇ ಕಳ್ಳತನದಲ್ಲಿ ಜೊತೆಗಿದ್ದ ಬಿಳಿಯ ಹೆಂಗಸರಿಗೆ ತೀರಾ ಕಡಿಮೆ ಶಿಕ್ಷೆಯಾಯಿತು. ಪತ್ರ ಬರೆಯಲೂ ಪದ ಸಾಲದೆ ಅವನು ಜೈಲಿನ ಶಾಲೆಯಿಂದ ಒಂದು ನಿಘಂಟು, ಪೆನ್ಸಿಲ್, ಬರೆಯುವ ಪಟ್ಟಿ ಕೇಳಿ ತಂದ. ಮೊದಲ ಪುಟವನ್ನು ಅಲ್ಪವಿರಾಮ ಸಹಿತ ನಕಲು ಮಾಡಲು ಇಡೀ ದಿನ ಹಿಡಿಯಿತು. ಆ ಪುಟದ ಆರ್ಡ್‌ವಾರ್ಕ್ ಎಂಬ, ಗೆದ್ದಲು ತಿನ್ನುವ ಆಫ್ರಿಕದ ಪ್ರಾಣಿ ಅವನಿಗೆ ಕೊನೆಯವರೆಗೂ ನೆನಪಿತ್ತು. ನಮ್ಮೂರ ಮಕ್ಕಳು ಮರಳಿನಲ್ಲಿ ಅಕ್ಷರ ತಿದ್ದಿದ ಹಾಗೆ ಅವನು ಇಡೀ ನಿಘಂಟನ್ನು ತಿದ್ದಿದ. ಪಾರ್ಕ್‌ಹರ್ಸ್ಟ್ ಎಂಬ ಶ್ರೀಮಂತರು ದಾನ ಕೊಟ್ಟ ಪುಸ್ತಕಗಳಲ್ಲಿ ಎಷ್ಟೋ ಇನ್ನೂ ಪೆಟ್ಟಿಗೆಯಲ್ಲೇ ಇದ್ದವು. ರಾತ್ರಿ ಹತ್ತಕ್ಕೆ ದೀಪ ಆರಿದ ಮೇಲೆ ಕೋಣೆಯ ನೆಲದ ಮೇಲೆ ಕೂತು, ಓಣಿಯಿಂದ ಬರುವ ಬೆಳಕಿನಲ್ಲಿ ಓದುತ್ತಿದ್ದ. ಕಾವಲುಗಾರನ ಹೆಜ್ಜೆ ಕೇಳಿದರೆ ಹಾಸಿಗೆಗೆ ಹಾರಿ ನಿದ್ದೆಯ ನಟನೆ, ಅವನು ದಾಟಿದ ಮೇಲೆ ಮತ್ತೆ ಓದು. ಇಂಥ ಓದುಗ ಒಬ್ಬ ಸಿಕ್ಕಿದ್ದರೆ ನನ್ನ ಸೇವೆ ಸಾರ್ಥಕವಾಗುತ್ತಿತ್ತು.

ಅವನ ಓದಿನ ಹಸಿವಿಗೆ ಹಳೆಯ ಕಾರಣವಿದೆ. ಗುಲಾಮರಿಗೆ ಬರೆಯಲು ಕಲಿಸಿದವರಿಗೆ ನೂರು ಪೌಂಡ್ ದಂಡವೆಂದು ದಕ್ಷಿಣ ಕ್ಯಾರೊಲಿನಾ 1740ರಲ್ಲೇ ಕಾನೂನು ಮಾಡಿತ್ತು. ಅಮೆರಿಕದ ಸಂವಿಧಾನದ 1865ರ 13ನೇ ತಿದ್ದುಪಡಿ ಗುಲಾಮಗಿರಿಯನ್ನು ತೆಗೆದುಹಾಕಿತಾದರೂ, ಅಪರಾಧಕ್ಕೆ ಶಿಕ್ಷೆಯಾಗಿ ಮಾಡಿಸುವ ದುಡಿಮೆಯನ್ನು ಹೊರಗಿಟ್ಟಿತು. ದಕ್ಷಿಣದ ರಾಜ್ಯಗಳು ಆ ಸಂದಿಯಲ್ಲೇ ನುಗ್ಗಿದವು. ಅಲೆದಾಟದಂಥ ಸಣ್ಣ ತಪ್ಪಿಗೂ ಕಪ್ಪು ಜನರನ್ನು ಹಿಡಿದು, ಗಣಿಗೆ, ತೋಟಕ್ಕೆ ಬಾಡಿಗೆಗೆ ಕೊಟ್ಟವು. ಲೂಸಿಯಾನದ ಅಂಗೋಲಾ ಜೈಲು ಇರುವುದೇ ಹಿಂದೆ ಗುಲಾಮರು ದುಡಿದ ತೋಟದಲ್ಲಿ.

ಅಟಿಕಾ ಎಂಬ ಹೆಸರನ್ನು ಮರೆಯಲು ನನಗಾಗದು. ನ್ಯೂಯಾರ್ಕ್ ರಾಜ್ಯದ ಆ ಜೈಲಿನಲ್ಲಿ ಕೈದಿಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ಜನರು, ಕಾವಲುಗಾರರು ಹೆಚ್ಚುಕಡಿಮೆ ಎಲ್ಲರೂ ಬಿಳಿಯರಾಗಿದ್ದರು. ವಾರಕ್ಕೊಂದು ಸ್ನಾನ. 1971ರ ಸೆಪ್ಟೆಂಬರ್ 9ರಂದು ಕೈದಿಗಳು ತಿರುಗಿಬಿದ್ದರು. ಅವರ ಬೇಡಿಕೆಗಳ ಪಟ್ಟಿಯನ್ನು ನಾನು ಎಷ್ಟು ಸಲ ಓದಿದ್ದೇನೋ. ಒಳ್ಳೆಯ ಊಟ, ವೈದ್ಯ, ಧರ್ಮ ಪಾಲಿಸುವ ಹಕ್ಕು. ಅವುಗಳ ನಡುವೆ ಓದಿನ ವ್ಯವಸ್ಥೆಯ ಸುಧಾರಣೆ ಮತ್ತು ಸ್ಪ್ಯಾನಿಶ್ ಪುಸ್ತಕಗಳ ಒಂದು ಗ್ರಂಥಾಲಯ. ಬಂದೂಕಿನೆದುರು ನಿಂತವರು ಪುಸ್ತಕ ಕೇಳಿದ್ದರು! ಸೆಪ್ಟೆಂಬರ್ 13ರಂದು ಪೊಲೀಸರು ಗುಂಡು ಹಾರಿಸಿದರು. ಒಟ್ಟು ಸತ್ತವರು 43.

ಆ ನಂತರದ ವರ್ಷಗಳಲ್ಲಿ ಬಡ ವಿದ್ಯಾರ್ಥಿಗಳ ಕಾಲೇಜು ಓದಿಗೆ ಸರ್ಕಾರ ಕೊಡುವ ಪೆಲ್ ಅನುದಾನದ ನೆರವಿನಿಂದ ಜೈಲುಗಳಿಗೆ ಕಾಲೇಜು ಬಂತು. ಅಷ್ಟರಲ್ಲಿ 1986ರ ಮಾದಕವಸ್ತು ಕಾಯ್ದೆ ಬಂತು: ಕೊಕೇನಿನದೇ ಸೇದುವ ರೂಪವಾದ ಕ್ರ್ಯಾಕ್ 5 ಗ್ರಾಂಗೂ 500 ಗ್ರಾಂ ಕೊಕೇನ್ ಪುಡಿಗೂ ಕನಿಷ್ಠ ಐದು ವರ್ಷ. ಕ್ರ್ಯಾಕ್ ಪ್ರಕರಣಗಳಲ್ಲಿ ಶಿಕ್ಷೆಯಾದವರಲ್ಲಿ ಬಹುಪಾಲು ಕಪ್ಪು ಜನರೇ. ಜೈಲು ತುಂಬಿತು. ಆ ತುಂಬಿದ ಜೈಲಿನಿಂದಲೇ 1994ರಲ್ಲಿ ಕಾಲೇಜನ್ನು ಕಿತ್ತುಕೊಂಡರು. ಕೈದಿಗಳಿಗೆ ಹೋಗುತ್ತಿದ್ದದ್ದು ಪೆಲ್ ಹಣದಲ್ಲಿ ಶೇ. 1ಕ್ಕೂ ಕಡಿಮೆ, ಆದರೂ ಕ್ಲಿಂಟನ್ ಸಹಿ ಹಾಕಿದ ಅಪರಾಧ ಮಸೂದೆ ಅದನ್ನು ನಿಲ್ಲಿಸಿತು. ಕೆಲವೇ ವರ್ಷಗಳಲ್ಲಿ ನೂರಾರು ಕಾರ್ಯಕ್ರಮಗಳು ಮುಚ್ಚಿದವು. ಇದನ್ನು ಮಿತವ್ಯಯವೆಂದು ನಾನು ಒಪ್ಪುವುದಿಲ್ಲ. 1740ರ ಕಾನೂನಿನ ಮೊಮ್ಮಗು ಇದು. ಜೈಲಿನಲ್ಲಿ ಓದಿದವರು ಮತ್ತೆ ಜೈಲಿಗೆ ಬರುವ ಸಂಭವ ಬಹಳ ಕಡಿಮೆ ಎಂದು 2013ರಲ್ಲಿ ರ‍್ಯಾಂಡ್ ಸಂಸ್ಥೆ ಲೆಕ್ಕ ಹಾಕಿ ತೋರಿಸಿತು. 2015ರಲ್ಲಿ ನ್ಯೂಯಾರ್ಕಿನ ಬಾರ್ಡ್ ಕಾಲೇಜಿನ ಕೈದಿ ವಿದ್ಯಾರ್ಥಿಗಳು ಚರ್ಚಾಸ್ಪರ್ಧೆಯಲ್ಲಿ ಹಾರ್ವರ್ಡ್ ತಂಡವನ್ನು ಸೋಲಿಸಿದರು.

2023ರ ಜುಲೈ 1ರಿಂದ ಪೆಲ್ ಅನುದಾನ ಕೈದಿಗಳಿಗೆ ಮತ್ತೆ ದೊರೆಯುತ್ತಿದೆ, ಇಪ್ಪತ್ತೊಂಬತ್ತು ವರ್ಷಗಳ ಮೇಲೆ. ಆ ದೇಶದ ಜನಸಂಖ್ಯೆಯಲ್ಲಿ ಕಪ್ಪು ಜನ ಶೇ. 13ರಷ್ಟು, ಜೈಲುಗಳಲ್ಲಿ ಇಂದಿಗೂ ಸುಮಾರು ಮೂರನೇ ಒಂದು ಪಾಲು.